ಹಲಸಿನ ಸಿಪ್ಪೆಗೆ ಬಂದ ಕಾಟಿ

ತಂಗಿ ಕಮಲಿ, ಬಸರೀಕಟ್ಟೆಯ ಮಗಳ ಮನೆಯಲ್ಲಿ ನಿನ್ನ ಅಕ್ಕ ಉಂಡುಕೊಂಡು ಗಟ್ಟಿಯಾಗಿದ್ದಾಳೆ.

ಇಲ್ಲಿ ಕಾಡುಕೋಣಕ್ಕೆ ಕಾಟಿ ಅನ್ನುತ್ತಾರೆ. ಬೇಸಿಗೆಯಲ್ಲಿ ಗುಡ್ಡದ ಹುಲ್ಲು ಒಣಗಿದರೆ ಅದು ಸೊಪ್ಪು, ತೊಗಟೆ, ಬಿದ್ದ ಹಲಸು ಹುಡುಕಿಕೊಂಡು ಮನೆ ಹತ್ತಿರ ಬರುತ್ತದಂತೆ. ನನಗೇನು ಗೊತ್ತು? ನಮ್ಮ ಕಡೂರಿನ ಅಭ್ಯಾಸದಂತೆ ಹಲಸಿನ ಸಿಪ್ಪೆಯನ್ನು ದನ ತಿನ್ನಲಿ ಎಂದು ಬೇಲಿಯಾಚೆ ಸುರಿದೆ. ಬೆಳಿಗ್ಗೆ ನೋಡಿದರೆ ಜೀಪಿನಷ್ಟು ದೊಡ್ಡ ಕಾಟಿ, ನಾಲ್ಕೂ ಕಾಲಿಗೆ ಬಿಳಿ ಕಾಲುಚೀಲ ಹಾಕಿದ ಹಾಗೆ, ನಿಂತು ಸಿಪ್ಪೆ ಮೆಲ್ಲುತ್ತಿದೆ! ಬೇಲಿ ಮುರಿದಿದ್ದರೆ ಮೊಮ್ಮಗಳು ನಯನ ನೆಟ್ಟ ಬಾಳೆಯೆಲ್ಲ ಅದರ ಹೊಟ್ಟೆಗೆ. ಹೋದ ವರ್ಷದ ಬಾಳೆ ಹಾಗೇ ಹೋಯಿತಂತೆ, ಅದನ್ನು ನೆನೆಸಿಕೊಂಡು ಹುಡುಗಿ ಅತ್ತೇಬಿಟ್ಟಳು.

ಬೀಗಿತ್ತಿ ಯಮುನಮ್ಮ ಸುಮ್ಮನಿರುತ್ತಾರೆಯೇ? "ಎಂತ ಮಾರಾಯ್ರೆ, ಕರೆದು ಬಡಿಸಿದ್ದೀರಿ, ಕೈ ತೊಳಿಲಿಕ್ಕೆ ನೀರೂ ಕೊಡಿ" ಅಂದರು.

"ಉಂಡವರೇ ಸುಮ್ನಿದಾರೆ, ನೀವ್ಯಾಕ್ರೀ ಕೂಗ್ತೀರ" ಅಂದೆ. ಆದರೂ ಅಂದಿನಿಂದ ಬಿದ್ದ ಹಣ್ಣನ್ನೆಲ್ಲ ನಾನೇ ಹೆಕ್ಕಿ, ಸಿಪ್ಪೆಯನ್ನು ಕೊಟ್ಟಿಗೆಯ ದನಕ್ಕೇ ಹಾಕುತ್ತಿದ್ದೇನೆ.

ಈಗ ಮಳೆ ಹಿಡಿದು ಗುಡ್ಡದ ತುಂಬ ಎಳೆ ಹುಲ್ಲು ಬಂದಿದೆ. ಕಾಟಿಗಳೆಲ್ಲ ಕರುಗಳ ಜೊತೆ ಅಲ್ಲೇ ಮೇಯುತ್ತವೆ, ಇತ್ತ ತಿರುಗಿಯೂ ನೋಡುವುದಿಲ್ಲ. ಬಾಳೆ ಒಂದೂ ಹೋಗಿಲ್ಲ.

ಮೊಣಕಾಲು ನೋವು ಪರವಾಗಿಲ್ಲ. ಇಂಬಳ, ಅದೇ ಮಳೆಗಾಲದ ಕಾಡುಜಿಗಣೆ, ಮಾತ್ರ ನನ್ನ ರಕ್ತದ ರುಚಿ ಹಿಡಿದುಬಿಟ್ಟಿದೆ. ಪೇಟೆಗೆ ಹೋಗುವ ಜೀಪು ಹಾರ್ನ್ ಹೊಡೆಯುತ್ತಿದೆ, ಅಂಚೆಗೆ ಹಾಕಲು ಈ ಕಾರ್ಡು ಕೊಡಬೇಕು. ಗೊನೆಯೇ ಬಿಡದ ಬಾಳೆಗೆ ನಯನ ಈಗಲೇ ಊರುಗೋಲು ಕಡಿದು ಒಟ್ಟುತ್ತಿದ್ದಾಳೆ. ಈ ಸಲ ಗೊನೆ ನೋಡಿಯೇ ನೋಡುತ್ತಾಳೆ ಅಂತ ನಾನು ಬೈಯಲಿಲ್ಲ, ನೋಡು.

ನಿನ್ನ ಅಕ್ಕ