ಹದಿನಾಲ್ಕನೇ ಹಾಸಿಗೆಯ ಹದಿನೆಂಟು ಉಸಿರು

ಮಾನ್ಯ ಆಸ್ಪತ್ರೆ ಅಧೀಕ್ಷಕರೇ,

ಮೊದಲಿಗೆ ತಪ್ಪೊಪ್ಪಿಗೆ. ತಮ್ಮ ಆಸ್ಪತ್ರೆಯ ಗಂಡಸರ ಶಸ್ತ್ರಚಿಕಿತ್ಸಾ ವಾರ್ಡಿನಿಂದ ನಾನೊಂದು ಹಾಳೆ ಕದ್ದಿದ್ದೇನೆ. ಎರಡೂ ಬದಿ ಗೀಟು, ಮೂಲೆಯಲ್ಲೊಂದು ಔಷಧದ ಕಲೆ, ಮೇಲ್ತುದಿಯಲ್ಲಿ ಕ್ಲಿಪ್ಪು ಕಚ್ಚಿದ ಗುರುತು. ಹದಿನಾಲ್ಕನೇ ಹಾಸಿಗೆಯ ಕಾಲ್ದೆಸೆಯಲ್ಲಿ ನೇತಾಡುತ್ತಿದ್ದ ಚಾರ್ಟು ಅದು. ಮಡಿಸಿ ಪೈಜಾಮದ ಸೊಂಟಕ್ಕೆ ಸಿಕ್ಕಿಸಿಕೊಂಡೆ. ನನ್ನ ಹರ್ನಿಯಾದ ಹೊಲಿಗೆಗೆ ಒತ್ತಿಕೊಂಡು, ಅದೂ ನನ್ನ ಜೊತೆಗೇ ಡಿಸ್ಚಾರ್ಜ್ ಆಯಿತು. ಈ ಕಳ್ಳತನಕ್ಕೆ ಏನು ಶಿಕ್ಷೆಯೋ ಅದನ್ನು ವಿಧಿಸಿ, ತಕರಾರಿಲ್ಲ. ನನ್ನ ತಕರಾರು ಬೇರೆ. ಆ ಹಾಸಿಗೆಯ ರೋಗಿ ತೀರಿಕೊಂಡ ದಿನ ಮಧ್ಯಾಹ್ನ ಎರಡು ಗಂಟೆಗೆ ಅವರನ್ನು ನೋಡಲೇ ಇಲ್ಲ, ಅದನ್ನು ಮುಚ್ಚಿಡಲು ಇದೇ ಹಾಳೆಯನ್ನು ಹರಿದೆಸೆದರು ಎಂದು ತಾವು ಒಬ್ಬ ಸಿಸ್ಟರನ್ನು ಮೂರು ತಿಂಗಳಿಂದ ಅಮಾನತಿನಲ್ಲಿ ಇಟ್ಟಿದ್ದೀರಿ. ಬರುವ ಸೋಮವಾರ ಅವರ ನೋಂದಣಿಯನ್ನೇ ರದ್ದುಮಾಡಲು ಶಿಫಾರಸು ಕಳಿಸಲಿದ್ದೀರಿ. ಅಮಾನತು ಎಂಬ ಪದದ ಹೊಟ್ಟೆಯೊಳಗೆ 'ಮಾನ' ಸಿಕ್ಕಿಹಾಕಿಕೊಂಡಿದೆ ಸ್ವಾಮಿ. ಅದನ್ನು ಹೊರತೆಗೆಯುವ ಆಪರೇಷನ್ನಿಗಾಗಿ ಈ ಪತ್ರ.

ನಾನು ಮೂವತ್ತೊಂದು ವರ್ಷ ತರ್ಕಶಾಸ್ತ್ರ ಕಲಿಸಿದ ಮೇಷ್ಟ್ರು. ಅದಕ್ಕಿಂತ ಮುಖ್ಯವಾಗಿ, ಅಷ್ಟೂ ವರ್ಷ ಪರೀಕ್ಷಾ ಕೊಠಡಿಯ ಮೇಲ್ವಿಚಾರಕ. ಅಂಗೈ, ಅಂಗಾಲು, ರಬ್ಬರಿನ ಹೊಟ್ಟೆ, ಕನ್ನಡಕದ ಡಬ್ಬಿ, ಎಲ್ಲವನ್ನೂ ತೆರೆಸಿ ನೋಡಿದವನು. ನನ್ನ ಕೊಠಡಿಯಿಂದ ಒಬ್ಬನೇ ಒಬ್ಬ ನಕಲು ಹೊಡೆದು ದಕ್ಕಿಸಿಕೊಂಡು ಹೋಗಿಲ್ಲ. ನೋಡಿ ಬರೆದದ್ದಕ್ಕೂ ತಿಳಿದು ಬರೆದದ್ದಕ್ಕೂ ಇರುವ ವ್ಯತ್ಯಾಸ ನನಗೆ ಅಕ್ಷರದ ವಾಲಿಕೆಯಲ್ಲೇ ಗೊತ್ತಾಗುತ್ತದೆ. ಆದ್ದರಿಂದ ಆ ಚಾರ್ಟಿನ ಬಗ್ಗೆ ಮಾತಾಡಲು ನನಗಿಂತ ಅರ್ಹರು ಸಿಗಲಾರರು ಎಂದು ನಮ್ರತೆಯಿಂದಲೇ ಜಂಭ ಕೊಚ್ಚಿಕೊಳ್ಳುತ್ತೇನೆ.

ನನ್ನದು ಹದಿಮೂರನೇ ಹಾಸಿಗೆ. ಹದಿನಾಲ್ಕರಲ್ಲಿ ಒಬ್ಬ ದರ್ಜಿ. ಕರುಳಿನ ಆಪರೇಷನ್ ಆಗಿ ಮೂರನೇ ದಿನ. ಆಸ್ಪತ್ರೆಯ ಅಂಗಿ ತೊಟ್ಟ ನನ್ನನ್ನು ಕಂಡವರೇ, "ಮೇಷ್ಟ್ರೇ, ಇದನ್ನ ಹೊಲಿದವನಿಗೆ ಮೊದಲು ಆಪರೇಷನ್ ಮಾಡ್ಬೇಕಿತ್ತು. ಕಂಕುಳು ಎಲ್ಲಿರತ್ತೆ ಅಂತಾನೇ ಗೊತ್ತಿಲ್ಲ ಅವನಿಗೆ" ಎಂದರು. ಮಲಗಿದಲ್ಲಿಂದಲೇ ವಾರ್ಡಿನ ಎಲ್ಲರ ಅಳತೆ ತೆಗೆದಿದ್ದರು. ನನ್ನ ಎಡಭುಜ ಅರ್ಧ ಇಂಚು ಕೆಳಗಿದೆಯಂತೆ, ಇಷ್ಟು ವರ್ಷ ಪುಸ್ತಕ ಹಿಡಿದದ್ದು ಅದೇ ಕೈಯಲ್ಲಂತೆ. ಮನೆಗೆ ಹೋದ ಮೇಲೆ ಅದು ಕಾಣದ ಹಾಗೊಂದು ಕೋಟು ಹೊಲಿದುಕೊಡುವುದಾಗಿ ಮಾತಾಗಿತ್ತು.

ಇನ್ನು ಸಿಸ್ಟರ್. ವಾರ್ಡಿನವರೆಲ್ಲ ಅವರಿಗಿಟ್ಟ ಹೆಸರು 'ನಿಮಿಷದ ಸಿಸ್ಟರ್'. ಐವತ್ತು ದಾಟಿದ ಹೆಂಗಸು, ಎದೆಗೆ ತಲೆಕೆಳಗಾಗಿ ಸಿಕ್ಕಿಸಿದ ಗಡಿಯಾರ. ಬಂದು ಮಣಿಕಟ್ಟು ಹಿಡಿದರೆ ಎರಡು ನಿಮಿಷ ಬಿಡುತ್ತಿರಲಿಲ್ಲ. ನನ್ನ ಮೇಲೆ ವಿಶೇಷ ಮಮತೆಯೆಂದು ಭಾವಿಸಿ ಎರಡನೇ ದಿನದಿಂದ ನಾನು ತಲೆ ಬಾಚಿಕೊಳ್ಳತೊಡಗಿದೆ. ದರ್ಜಿ ನಕ್ಕು, ನನ್ನ ಕೈಯನ್ನೂ ಅಷ್ಟೇ ಹೊತ್ತು ಹಿಡೀತಾರೆ, ಸುಮ್ನೆ ಬಾಚಣಿಗೆ ಸವೆಸಬೇಡಿ ಎಂದರು. ಕಾರಣ ಕೇಳಿದಾಗ ಸಿಸ್ಟರ್ ಗುಟ್ಟು ಬಿಟ್ಟುಕೊಟ್ಟರು. ಮೊದಲ ನಿಮಿಷ ನಾಡಿ. ಎರಡನೆಯ ನಿಮಿಷ ಹಿಡಿದ ಕೈ ಹಿಡಿದೇ ಇರುತ್ತದೆ, ಕಣ್ಣು ಮಾತ್ರ ಎದೆಯ ಮೇಲೆ.

"ಉಸಿರು ಎಣಿಸ್ತೀನಿ ಅಂತ ಹೇಳ್ಬಾರದು ಸರ್. ಹೇಳಿದ್ರೆ ಜನ ಉಸಿರಾಡೋದು ಬಿಟ್ಟು ನಟಿಸೋಕೆ ಶುರು ಮಾಡ್ತಾರೆ."

ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬಹುದಲ್ಲ ಎಂದು ನಾನು ಬುದ್ಧಿವಂತಿಕೆ ತೋರಿಸಿದೆ. "ಗುಣಿಸಿದ್ರೆ ತಪ್ಪೂ ನಾಲ್ಕು ಪಟ್ಟಾಗತ್ತೆ" ಎಂದರು. ಜ್ವರ ಏರುವ ಮೊದಲು, ರಕ್ತದೊತ್ತಡ ಬೀಳುವ ಮೊದಲು, ಒಳಗೇನೋ ಕೆಟ್ಟಿದೆ ಎಂದು ಚಾಡಿ ಹೇಳುವುದು ಉಸಿರೇ ಅಂತೆ. ನನಗೂ ಎಣಿಸಲು ಕಲಿಸಿದರು. ಪಾಸು ಅಂದರು. ನಾನು ಹಿಗ್ಗಿ ಹೀರೇಕಾಯಿಯಾದೆ.

ಅವರು ಓದುವಾಗ ನರ್ಸಿಂಗ್ ಶಾಲೆಯಲ್ಲಿ ಮೊದಲ ಒಂದು ತಿಂಗಳು ಸೂಜಿ, ಬ್ಯಾಂಡೇಜು ಯಾವುದನ್ನೂ ಮುಟ್ಟಲು ಬಿಡುತ್ತಿರಲಿಲ್ಲವಂತೆ. ಒಂದು ಹಾಸಿಗೆಯ ಪಕ್ಕ ಕುಳಿತು ನೋಡುವುದು, ಸಂಜೆ ಕಂಡದ್ದನ್ನು ಬರೆಯುವುದು, ಅಷ್ಟೇ. ಆ ರೋಗಿಯ ಎಡಗೈ ಎಲ್ಲಿತ್ತು, ನೀರು ಕುಡಿಯುವಾಗ ಮುಖ ಕಿವುಚಿದನೇ ಎಂದು ಟೀಚರು ಕೇಳಿದರೆ ಉತ್ತರ ಇರಬೇಕು. ಊಹಿಸಿ ಬರೆದರೆ ಮತ್ತೆ ಮೊದಲ ದಿನದಿಂದ. ಮುಂದೆ ಇವರೇ ಅಲ್ಲಿ ಟೀಚರಾಗಿ ಆ ತಿಂಗಳನ್ನು ಹದಿನೆಂಟು ವರ್ಷ ಕಾಪಾಡಿಕೊಂಡು ಬಂದರು. ಆಮೇಲೆ ತಮ್ಮ ಕಚೇರಿ "ನಿಷ್ಕ್ರಿಯ ಅವಧಿ" ಎಂದು ಷರಾ ಬರೆದು ಆ ತಿಂಗಳನ್ನು ತೆಗೆದುಹಾಕಿತು. ಟೀಚರ ಹುದ್ದೆಯನ್ನೂ ತೆಗೆದು ಅವರನ್ನು ವಾರ್ಡಿಗೆ ಅಟ್ಟಿತು. ಶುಶ್ರೂಷೆ ಎಂಬುದು ನೆಲ ಒರೆಸಿ ಬಟ್ಟೆ ಬದಲಿಸುವ ಚಾಕರಿಯಿಂದ ಮೇಲೆದ್ದು ವೃತ್ತಿಯಾದದ್ದು, ಯಾರೋ ಕುಳಿತು ನೋಡಿ, ಎಣಿಸಿ, ಬರೆದಿಟ್ಟದ್ದರಿಂದ ಅಲ್ಲವೇ? ಬುಡವನ್ನೇ ನಿಷ್ಕ್ರಿಯವೆಂದು ಕಿತ್ತರೆ ಮೇಲಿನದು ಯಾವುದರ ಮೇಲೆ ನಿಲ್ಲಬೇಕು?

ತಮ್ಮ ಆದೇಶದಲ್ಲಿ "ಸೇವಾ ಮನೋಭಾವದ ಕೊರತೆ" ಎಂದಿದೆ. ಕೊರತೆ ಇದ್ದದ್ದು ಕೈಗಳದ್ದು. ಆ ಮಧ್ಯಾಹ್ನ ನಲವತ್ತೆರಡು ಹಾಸಿಗೆಗೆ ಒಬ್ಬರೇ ಸಿಸ್ಟರ್. ಉಳಿದಿಬ್ಬರು ಎಲ್ಲಿದ್ದರು ಎಂಬುದು ವಿಚಾರಣಾ ವರದಿಯಲ್ಲಿಲ್ಲ. ವಿಚಾರಣೆಯಲ್ಲಿ ವಿಚಾರವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇತ್ತೆಂದು ಕೇಳಿದ್ದೇನೆ. ನಾನೇ ಹೇಳುತ್ತೇನೆ: ಅವರಿಬ್ಬರೂ ತಮ್ಮ ಸಭಾಂಗಣದಲ್ಲಿದ್ದರು. ನರ್ಸುಗಳ ಸನ್ಮಾನ ಸಮಾರಂಭಕ್ಕೆ ಕುರ್ಚಿ ತುಂಬಿಸಲು ಹೋಗಿದ್ದರು. ತಾವು ಅವರನ್ನು ದೇವತೆಯರು ಎಂದು ಬಣ್ಣಿಸಿದ್ದು ಧ್ವನಿವರ್ಧಕದಲ್ಲಿ ವಾರ್ಡಿನವರೆಗೂ ಕೇಳುತ್ತಿತ್ತು. ದೇವತೆ ಎಂದರೆ ಅನುಕೂಲ ಬಹಳ. ಊಟದ ಬಿಡುವು ಬೇಡ, ಕೂರಲು ಸ್ಟೂಲು ಬೇಡ, ಜೊತೆಗಿನ್ನೊಬ್ಬರು ಬೇಡ.

ಎರಡು ಗಂಟೆ. ಮೂರನೇ ಹಾಸಿಗೆಯವನ ಗಾಯ ಬಿಚ್ಚಿ ರಕ್ತ ಸುರಿಯುತ್ತಿತ್ತು, ಸಿಸ್ಟರ್ ಎರಡೂ ಕೈಯಲ್ಲಿ ಒತ್ತಿಹಿಡಿದಿದ್ದರು. ಅದು ನಿಂತ ಮೇಲೆ ಕೈ ತೊಳೆದು ಬಂದು ದರ್ಜಿಯ ಚಾರ್ಟಿನಲ್ಲಿ ಬರೆದರು; ಬರೆದು ಮುಗಿಸುವಷ್ಟರಲ್ಲಿ ಇಪ್ಪತ್ತೆರಡನೇ ಹಾಸಿಗೆಯಿಂದ ಕೂಗು ಬಂತು, ಓಡಿದರು. ಮೂರೂವರೆಗೆ ದರ್ಜಿಯ ತುಟಿ ನೀಲಿಗಟ್ಟಿದ್ದನ್ನು ಮೊದಲು ಕಂಡವರೂ ಅವರೇ. ಡಾಕ್ಟರು ಬಂದರು. ನಾಲ್ಕಕ್ಕೆ ಪರದೆ ಎಳೆದರು. ಹಾಳೆ ಈ ಪತ್ರದ ಜೊತೆಗಿದೆ, ನೋಡಿ. ಬೆಳಿಗ್ಗೆ ಆರಕ್ಕೆ ಉಸಿರು ಹದಿನಾರು, ಹತ್ತಕ್ಕೆ ಹದಿನೆಂಟು, ಎರಡಕ್ಕೆ ಹದಿನೆಂಟು.

ಅಂದಿನಿಂದ ನಾನು ಎಣಿಸುತ್ತಲೇ ಇದ್ದೇನೆ. ಬಸ್ಸಿನಲ್ಲಿ ಮುಂದೆ ನಿಂತವರ ಬೆನ್ನು, ಕ್ಷೌರದಂಗಡಿಯಲ್ಲಿ ಕಾದು ಕುಳಿತವರ ಎದೆ, ಊಟವಾದ ಮೇಲೆ ಮಲಗಿದ ಹೆಂಡತಿಯ ಮುಖದ ಮೇಲೆ ಏಳುವ ಬೀಳುವ ದಿನಪತ್ರಿಕೆ. "ಹಾಗೇನ್ರೀ ನೋಡ್ತೀರಾ, ನಾನಿನ್ನೂ ಹೋಗಿಲ್ಲ" ಎನ್ನುತ್ತಾಳೆ ಪತ್ರಿಕೆಯ ಅಡಿಯಿಂದಲೇ. ನನ್ನದನ್ನೇ ಎಣಿಸಹೊರಟರೆ ಅದು ನಟಿಸತೊಡಗುತ್ತದೆ, ಸರಿಯಾಗಿ ಹದಿನೆಂಟಕ್ಕೆ ಬಂದು ನಿಲ್ಲುತ್ತದೆ. ಕನ್ನಡಿಯ ಮುಂದೆ ಅಂಗಿ ತೊಡುವಾಗ ಎಡಭುಜ ಅರ್ಧ ಇಂಚು ಕೆಳಗೆ ಕಾಣುತ್ತದೆ; ಅಳತೆ ತೆಗೆದವರು ಬೆನ್ನ ಹಿಂದೆ ಟೇಪು ಹಿಡಿದು ನಿಂತಂತಾಗಿ ತಿರುಗಿ ನೋಡುತ್ತೇನೆ. ದರ್ಜಿ ಹೋದ ಮರುದಿನ ಅವರ ಹೆಂಡತಿ ಚಪ್ಪಲಿ, ಕನ್ನಡಕ ಒಯ್ಯಲು ವಾರ್ಡಿಗೆ ಬಂದಿದ್ದರು. "ಅಣ್ಣ, ನೀವು ಪಕ್ಕದಲ್ಲೇ ಇದ್ರಲ್ಲ. ಮಧ್ಯಾಹ್ನ ಹೇಗಿದ್ರು ಅವರು?" ಎಂದು ಕೇಳಿದರು. ಚೆನ್ನಾಗೇ ಇದ್ರಮ್ಮ ಎಂದೆ.

ನನ್ನ ಬೇಡಿಕೆ ಇಷ್ಟೇ. ಸೋಮವಾರ ಶಿಫಾರಸು ಕಳಿಸುವ ಮೊದಲು ವಿಚಾರಣೆಯ ಕೋಣೆಯನ್ನು ಮತ್ತೆ ತೆರೆಸಿ, ನನಗೂ ಒಂದು ಕುರ್ಚಿ ಹಾಕಿಸಿ. ಸಿಸ್ಟರ ಮೇಲಿನ ಅಮಾನತು ತೆಗೆಯಿರಿ, ಅವರನ್ನು ಶಾಲೆಗೇ ಕಳಿಸಿ, ಆ ಒಂದು ತಿಂಗಳನ್ನೂ ಅವರ ಕೈಗೆ ವಾಪಸು ಕೊಡಿ. ನೋಡುವುದನ್ನು ಕಲಿಯದವನ ಕೈಗೆ ಮಣಿಕಟ್ಟು ಸಿಕ್ಕರೆ ಏನಾಗುತ್ತದೆಂದು ನಾನು ಬಲ್ಲೆ.

ಹೇಗೆ ಬಲ್ಲೆನೆಂದರೆ, ಆ ಎರಡು ಗಂಟೆಗೆ ಗಾಯ ಒತ್ತಿಹಿಡಿದಿದ್ದ ಸಿಸ್ಟರ್ ನನ್ನತ್ತ ತಿರುಗಿ ಕೇಳಿದ್ದರು: "ಸರ್, ಹದಿನಾಲ್ಕರ ಉಸಿರು ಎಣಿಸ್ತೀರಾ? ಪೂರ್ತಿ ಒಂದು ನಿಮಿಷ. ಜಾಸ್ತಿ ಇದ್ರೆ ಹೇಳಿ, ಹೇಗಾದ್ರೂ ಬರ್ತೀನಿ." ನಿದ್ದೆಯಲ್ಲಿದ್ದ ದರ್ಜಿಯ ಕೈಯನ್ನು ಗತ್ತಿನಿಂದ ಹಿಡಿದುಕೊಂಡೆ. ಹನ್ನೊಂದಕ್ಕೆ ಬರುವಷ್ಟರಲ್ಲಿ ಎಣಿಕೆ ತಪ್ಪಿತು. ಮತ್ತೆ ಶುರುಮಾಡಿದೆ, ಮತ್ತೆ ತಪ್ಪಿತು. ಉಸಿರು ಓಡುತ್ತಿದ್ದುದರಿಂದಲೇ ತಪ್ಪುತ್ತಿದೆ ಎಂಬುದು ತರ್ಕಶಾಸ್ತ್ರದ ಮೇಷ್ಟ್ರಿಗೆ ಹೊಳೆಯಲಿಲ್ಲ. ಬರುವುದಿಲ್ಲ ಎನ್ನಲು ನಾಚಿಕೆಯಾಯಿತು. ಕಾಲ್ದೆಸೆಯ ಚಾರ್ಟಿನ ಕಡೆ ಕಣ್ಣು ಹಾಯಿಸಿ, ಹತ್ತು ಗಂಟೆಯ ಸಾಲಿನಲ್ಲಿದ್ದದ್ದನ್ನು ಓದಿ ಹೇಳಿದೆ.

"ಹದಿನೆಂಟು ಸಿಸ್ಟರ್."

"ಪೂರ್ತಿ ನಿಮಿಷ ತಾನೆ ಸರ್?"

"ಪೂರ್ತಿ."

ಪರದೆ ಎಳೆದಾಗ ಹಾಳೆ ಕದ್ದದ್ದು ಆ ಹದಿನೆಂಟನ್ನು ಬಚ್ಚಿಡಲು. ವಿಚಾರಣೆಯಲ್ಲಿ ಸಿಸ್ಟರ್ ನನ್ನ ಸುದ್ದಿಯೇ ಎತ್ತದೆ, ಬರೆದವಳು ನಾನೇ ಎಂದಷ್ಟೇ ಹೇಳಿದರಂತೆ. ಮೂರು ತಿಂಗಳು ನಾನೂ ಉಸಿರೆತ್ತಲಿಲ್ಲ.

ಇಂತಿ,
ಮೂವತ್ತೊಂದು ವರ್ಷದ ಮೇಲೆ ಕಣ್ತಪ್ಪಿದ ಏಕೈಕ ನಕಲುಗಾರನನ್ನು ಹಿಡಿದುಕೊಡುತ್ತಿರುವ
ಹದಿಮೂರನೇ ಹಾಸಿಗೆ