ಹಿಂದೆ ನಿಲ್ಲುವ ಅಪ್ಪನಿಗೆ

ರ್ಯಾಂಚೊ ಪೆನಾಸ್ಕಿಟೋಸ್, ಸ್ಯಾನ್ ಡಿಯಾಗೊ
ಮಾರ್ಚ್ 2019

ಅಪ್ಪ,

ನೀವು ಸಿಟ್ಟಿನಲ್ಲಿ ರೆಡೊಂಡೊ ಬೀಚಿನ ಮನೆಗೆ ಹೊರಟುಹೋದಿರಿ, ಫೋನೂ ಎತ್ತುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ರೆಫರಿ ನಮ್ಮ ಶತ್ರುವಲ್ಲ. ಆಟಗಾರ್ತಿ ಹೊಡೆಯಲು ಸಿದ್ಧಳಾದ ಮೇಲೆ, ಬ್ಯಾಗ್ ಹೊರುವ ಕ್ಯಾಡಿ ಹಿಂದೆ ನಿಂತು ಗುರಿ ನೋಡಬಾರದು ಎಂಬ ನಿಯಮ ಗಾಲ್ಫ್‌ಗೆ ಈ ವರ್ಷ ಬಂದಿದೆ. ಜನವರಿಯಲ್ಲೇ ಓದಿ ಹೇಳಿದ್ದೆ. ಅದೆಲ್ಲ ಬೇರೆಯವರಿಗೆ ಎಂದಿರಿ. ಮೊನ್ನೆ ನನ್ನ ಬ್ಯಾಗ್ ಹೊತ್ತು ಮತ್ತೆ ಹಿಂದೆ ಬಂದು ನಿಂತಿರಿ. ರೆಫರಿ ದಂಡವಾಗಿ ನನ್ನ ಲೆಕ್ಕಕ್ಕೆ ಎರಡು ಹೊಡೆತ ಸೇರಿಸಿದರು, ಹೊಡೆತ ಹೆಚ್ಚಾಗಿ ನಾನು ಟೂರ್ನಿಯಿಂದ ಹೊರಬಿದ್ದೆ.

ನಾನು ತಿರುಗಿ ನೋಡಬೇಕಿತ್ತು, ನಿಜ. ಆದರೆ ನೀವು ಅಲ್ಲಿರುವುದು ನನಗೆ ಗೊತ್ತೇ ಆಗುವುದಿಲ್ಲ, ಅಷ್ಟು ಅಭ್ಯಾಸವಾಗಿದೆ. ಚೀನಾದಿಂದ ಈ ಟೂರ್ನಿಗೆ ಆಡಲು ಬಂದ ಮೊದಲ ಹುಡುಗಿ ಎಂದು ಪತ್ರಿಕೆಯವರು ಹಾಕಿದ ಫೋಟೋದಲ್ಲೂ ನನ್ನ ಹೆಗಲ ಹಿಂದೆ ನಿಮ್ಮ ಟೋಪಿ ಇದೆ. ಒಬ್ಬಳೇ ಗುರಿ ಹಿಡಿಯಲು ನನಗೆ ಇನ್ನೂ ಬರುವುದಿಲ್ಲ. ಈ ವಯಸ್ಸಿಗೆ ಇದು ನಾಚಿಕೆಗೇಡು.

ನಾನು ಉಳಿದುಕೊಂಡಿರುವ ಮನೆಯ ಕುಮುದಾ ಆಂಟಿ ಬೆಂಗಳೂರಿನವರು. "ಅಪ್ಪಂಗೆ ನೀನೇ ಹೇಳಮ್ಮ, ರೆಫರಿ ಕೈಲಿ ಯಾಕೆ ಹೇಳಿಸ್ತೀಯ?" ಅಂದರು. ಹೇಳುತ್ತಿದ್ದೇನೆ. ಮುಂದಿನ ಟೂರ್ನಿಗೆ ಬೇರೆ ಕ್ಯಾಡಿ ಬರುತ್ತಾಳೆ.

ನನ್ನ ಜಾಕೆಟ್ ನಿಮ್ಮ ಕಾರಿನಲ್ಲಿ ಉಳಿದಿದೆ. ತೆಗೆದುಕೊಂಡು ನೀವೂ ಬನ್ನಿ. ಹಗ್ಗದ ಆಚೆ, ನೋಡುವ ಜನರ ಜೊತೆ, ನನಗೆ ಎದುರಾಗಿ ನಿಂತುಕೊಳ್ಳಿ. ಚೆಂಡು ಗುಳಿಗೆ ಬಿದ್ದಾಗ ನಿಮ್ಮ ಮುಖ ಹೇಗಿರುತ್ತದೆ ಎಂದು ನಾನು ಈವರೆಗೆ ನೋಡಿಯೇ ಇಲ್ಲ.

ನಿಮ್ಮ ಮಗಳು,
ಯೂಲಾನ್