ಅಂಬಾಸಿಡರ್‌ನ ಹಳೆಯ ಬ್ರೇಕ್ ಪೈಪು

ನವೆಂಬರ್ 15, ಶನಿವಾರ.

ಅಪ್ಪನ ಕಾಲದ ಅಂಬಾಸಿಡರ್‌ಗೆ ಇವತ್ತು ಹಿಂದಿನ ಆಕ್ಸಲ್ ಬದಲಾಯಿತು. ಅದರ ಮೇಲೆ ಹಾದುಹೋಗುವ ಬ್ರೇಕ್ ಪೈಪುಗಳು ಹಳೆಯವೇ ಸಾಕು ಎಂದಿದ್ದೆ. ಮೆಕ್ಯಾನಿಕ್ ನಿರಂಜನ್ ಪೈಪು ಹಿಡಿದಿದ್ದ ಕ್ಲಿಪ್ ಬಿಚ್ಚಿ, ಅದರಡಿಯ ತುಕ್ಕು ತೋರಿಸಿದ.

“ಇಷ್ಟು ವರ್ಷ ಏನೂ ಆಗಿಲ್ವಲ್ಲೋ?”

“ನೀವು ಇಳಿಜಾರಲ್ಲೆಲ್ಲ ಸೆಕೆಂಡ್ ಗೇರಲ್ಲೇ ಇಳಿಯೋರು. ಬ್ರೇಕ್ ಗಟ್ಟಿಯಾಗಿ ತುಳಿದಿದ್ದು ಯಾವತ್ತಣ್ಣ? ಕಲಿಯೋರು ತುಳೀದೆ ಬಿಡ್ತಾರಾ? ಪೈಪ್ ಒಡೆದೇ ಹೋಗ್ತದೆ.”

ನಾಳೆಯಿಂದ ಮಗಳು ಚಂದನಾ ಡ್ರೈವಿಂಗ್ ಕಲಿಯುವುದು ಇದರಲ್ಲೇ. ಹೊಸ ಪೈಪುಗಳನ್ನೇ ಹಾಕಿಸಿದೆ.

ಸಂಜೆ ತೋಟದ ಇಳಿಜಾರಿನಲ್ಲಿ ಬೇಕೆಂದೇ ಜೋರಾಗಿ ತುಳಿದೆ. ಗಾಡಿ ಅಲ್ಲೇ ನಿಂತಿತು. ಪೈಪಿನಿಂದ ಒಂದು ಹನಿ ಬ್ರೇಕ್ ಆಯಿಲ್ಲೂ ಸೋರಿಲ್ಲ.

“ಅಪ್ಪ, ನಾಳೆ ಪಕ್ಕದಲ್ಲಿ ಕೂತು ಕೂಗಾಡಬಾರದು,” ಎಂದು ಚಂದನಾ ಈಗಲೇ ಕೀಲಿ ತೆಗೆದುಕೊಂಡು ಹೋಗಿದ್ದಾಳೆ.

ಬಾಯಿ ಮುಚ್ಚಿಕೊಂಡೇನು. ಪಕ್ಕದ ಸೀಟಿನಲ್ಲಿ ಇಲ್ಲದ ಬ್ರೇಕು ತುಳಿಯುವ ಕಾಲನ್ನು ಮಾತ್ರ ತಡೆಯಲಾರೆ.